ಕಂಕುಳ ವಾಸನೆಯೂ ನನ್ನ ಅನುಮಾನವೂ

ವಿಜಯಪುರದಿಂದ ಬಂದು ಯಲಹಂಕದ ಕಾಲೇಜೊಂದರ ಆಫೀಸಿನಲ್ಲಿ ಕ್ಲರ್ಕ್ ಆಗಿ ಎರಡು ವರ್ಷವಾಗಿತ್ತು. ಒಂದು ಸೋಮವಾರ ಮೇಜಿನ ಡ್ರಾಯರ್ ಎಳೆದರೆ ಒಳಗೆ ಹೊಸ ಡಿಯೋಡರೆಂಟ್ ಡಬ್ಬಿ. ಚೀಟಿಯಿಲ್ಲ, ಹೆಸರಿಲ್ಲ.

ಮೈ ಉರಿದುಹೋಯಿತು. ದಿನಾ ಎರಡು ಹೊತ್ತು ಸ್ನಾನ ಮಾಡುವವನು ನಾನು. ಯಾರ ಕೆಲಸ ಇದು? ಟೈಪಿಸ್ಟ್ ಮೇಡಂ ಕಿಟಕಿ ತೆಗೆದರೂ ಅನುಮಾನ, ಪ್ರಿನ್ಸಿಪಾಲರು ಮೂಗು ಉಜ್ಜಿಕೊಂಡರೂ ಅನುಮಾನ. ಆರ್.ಟಿ. ನಗರದ ರೂಮಿನಿಂದ ಬರುವಾಗ ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯುವುದನ್ನೇ ಬಿಟ್ಟೆ. ಹೆಬ್ಬಾಳದಲ್ಲಿ ಬ್ರೇಕ್ ಹಾಕಿದಾಗ ಒಬ್ಬ ಅಜ್ಜಿಯ ಮಡಿಲಿಗೇ ಬಿದ್ದೆ.

ಹೆಚ್ಚಿನ ಗುಮಾನಿ ಪಕ್ಕದ ಮೇಜಿನವರ ಮೇಲೆ. ಬ್ಯಾಟರಾಯನಪುರದವರು, ರಾಗಿ ಹೊಲವಿದ್ದ ಜಾಗದಲ್ಲಿ ಮೂರು ಬಿಲ್ಡಿಂಗ್ ಎಬ್ಬಿಸಿದವರು. ಜೋರಾಗಿ ನಗುತ್ತಿದ್ದರು. ನನ್ನನ್ನೇ ನೋಡಿ ನಗುತ್ತಿದ್ದಾರೆಂದು ಅವರ ಜೊತೆ ಮಾತು ಬಿಟ್ಟೆ.

ಒಂದು ಭಾನುವಾರ ಒಗೆದ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ಬಿಸಿ ಶರ್ಟಿನ ಕಂಕುಳಿಗೆ ತಾಗಿದ್ದೇ ತಡ, ಕಮಟು ವಾಸನೆ ಭಗ್ಗನೆ ಎದ್ದಿತು. ಅದು ನನ್ನದೇ ವಾಸನೆ.

ಅಮೃತಹಳ್ಳಿಯ ಚರ್ಮದ ಡಾಕ್ಟರ್ ಹತ್ತಿರ ಹೋದೆ. "ಬೆವರಿಗೆ ಅದರದ್ದೇ ವಾಸನೆ ಅಷ್ಟಾಗಿ ಇರಲ್ಲ," ಎಂದರಾಕೆ. "ಚರ್ಮದ ಮೇಲಿರೋ ಬ್ಯಾಕ್ಟೀರಿಯಾ ಅದನ್ನ ತಿಂದಾಗ ಬರೋದು. ಸ್ನಾನ ಆದ್ಮೇಲೆ ಕಂಕುಳು ಚೆನ್ನಾಗಿ ಒರೆಸ್ಕೋತೀರಾ?"

ಇಲ್ಲ. ಒದ್ದೆ ಮೈಮೇಲೇ ಬನಿಯನ್ ಎಳೆದುಕೊಳ್ಳುತ್ತಿದ್ದೆ.

"ಪಾಲಿಯೆಸ್ಟರ್ ಶರ್ಟ್ ಬಿಡಿ, ಕಾಟನ್ ಹಾಕಿ," ಎಂದು, ಮೊಡವೆಗೆ ಕೊಡುವ ಒಂದು ವಾಶ್ ಬರೆದರು. ಕಂಕುಳಿಗೆ ಹಚ್ಚಿ ಎರಡು ನಿಮಿಷ ಬಿಟ್ಟು ತೊಳೆಯಬೇಕು. ಮಲಗುವಾಗ ಬೆವರು ತಡೆಯುವ ರೋಲ್-ಆನ್. ಕ್ಲಿನಿಕ್ಕಿನ ಕೆಳಗಿನ ಮೆಡಿಕಲ್ ಶಾಪಿನವನಿಗೂ ಈಕೆಗೂ ಒಳಒಪ್ಪಂದವಿರಬೇಕೆಂದು ಬೇರೆ ಅಂಗಡಿಗೆ ಹೋದೆ. ಅಲ್ಲೂ ಅದೇ ರೇಟು.

ತಿಂಗಳಲ್ಲಿ ವಾಸನೆ ಹೋಯಿತು. ಅನುಮಾನ ಮಾತ್ರ ಹೋಗಲಿಲ್ಲ. ಕೊನೆಗೆ ಪಕ್ಕದ ಮೇಜಿನವರನ್ನು ಕೇಳಿಯೇಬಿಟ್ಟೆ, "ಆ ಡಬ್ಬಿ ಇಟ್ಟವ್ರು ನೀವ ಹೌದಲ್ರೀ?"

ಅವರು ನಗಲಿಲ್ಲ. "ಹೌದು ಕಣ್ರೀ, ನಾನೇ. ಎದುರಿಗೆ ಹೇಳಕ್ಕೆ ಬಾಯಿ ಬರ್ಲಿಲ್ಲ. ನಂಗೂ ಇಂಗೇ ಇತ್ತು. ಎಣ್ಣು ನೋಡಕ್ಕೆ ಹೋಗಿದ್ದಾಗ, ಆ ಹುಡುಗಿ ಕಾಫಿ ಕೊಟ್ಟೋಳೇ ಸೆರಗಲ್ಲಿ ಮೂಗು ಮುಚ್ಕೊಂಡು ಒಳಗೆ ಹೋದ್ಲು. ಯಾಕಂತ ಮನೇಲಿ ಒಬ್ರೂ ಹೇಳ್ಲಿಲ್ಲ. ಆಮೇಲೂ ಎರಡು ವರ್ಷ ಅಂಗೇ ಓಡಾಡಿದ್ದೀನಿ."

ಆ ಮಧ್ಯಾಹ್ನ ಅವರ ಜೊತೆ ಊಟಕ್ಕೆ ಕೂತೆ. ಅವರು ಮುದ್ದೆ ಮುರಿದು ಅರ್ಧ ನನ್ನ ಡಬ್ಬಿಗಿಟ್ಟು, "ಅಗೀಬೇಡಿ, ನುಂಗಿ," ಎಂದರು.