ಕೆನ್ನೆಗೆ ಬಾಕಿಯಿದ್ದ ಅರಿಶಿನ

ಮೊನ್ನೆ ಹೊಸೂರಿನ ಔಷಧಿ ಅಂಗಡಿಯವರು ನನ್ನ ಚೀಟಿ ನೋಡಿ, “ಫಿಟ್ಸ್ ಯಾರ್ಗಮ್ಮಾ?” ಎಂದು ಇಡೀ ಬೀದಿಗೆ ಕೇಳುವಂತೆ ಕೇಳಿದರು. ಮಾತ್ರೆ ನನಗೇ. ಆದರೆ ಫಿಟ್ಸಿಗಲ್ಲ, ಸಕ್ಕರೆ ಕಾಯಿಲೆಯಿಂದ ಉರಿಯುವ ಪಾದಗಳಿಗೆ. ಹಾಗೆಂದು ಹೇಳುವುದು ಬಿಟ್ಟು ಅದನ್ನು ಕರವಸ್ತ್ರದಲ್ಲಿ ಸುತ್ತಿ ಬ್ಯಾಗಿನ ತಳಕ್ಕೆ ತುರುಕಿದೆ. ಜೀವಮಾನವೆಲ್ಲ ನರ್ಸಾಗಿದ್ದವಳ ಧೈರ್ಯ ಇಷ್ಟೇ ನೋಡಿ.

ದಾರಿಯುದ್ದಕ್ಕೂ ಕೆಂಪಕ್ಕ ನೆನಪಾದಳು. ಹೊಸೂರಿಗೆ ಫ್ಯಾಕ್ಟರಿಗಳು ಒಂದೊಂದಾಗಿ ಬರುತ್ತಿದ್ದ ಕಾಲ. ನಾನು ಡೆಂಕಣಿಕೋಟೆಯಲ್ಲಿ ನರ್ಸು. ಕೆಂಪಕ್ಕ ಗುಮ್ಮಳಾಪುರದ ಕಡೆಯವಳು. ಎಡಗೆನ್ನೆಗೆ ಗಾಳಿ ಸೋಕಿದರೂ ಚೇಳು ಕುಟುಕಿದಂಥ ನೋವು. ಹಲ್ಲಿನದೇ ದೋಷವೆಂದು ಯಾರೋ ಕಿತ್ತಿದ್ದರು; ಹಲ್ಲು ಹೋಯಿತು, ನೋವು ಹೋಗಲಿಲ್ಲ. ಮುದ್ದೆಯನ್ನು ನಾವು ಅಗಿಯುವವರಲ್ಲ, ನುಂಗುವವರು. ಅವಳಿಗೆ ನುಂಗಲು ಬಾಯಿ ತೆರೆಯುವುದೇ ಆಗುತ್ತಿರಲಿಲ್ಲ. ನಮ್ಮ ಡಾಕ್ಟರು ಇದು ಮುಖದ ನರದ ನೋವೆಂದು ಗುರುತಿಸಿ, ಫಿಟ್ಸಿಗೆ ಕೊಡುವ ಮಾತ್ರೆಯನ್ನೇ ಬರೆದರು. ಬರೆಯುವುದು ಅರೆಗಳಿಗೆಯ ಕೆಲಸ. ನಂಬಿಸುವ ಕೆಲಸ ನರ್ಸುಗಳದ್ದು.

“ನಮ್ಮೂರ್ನಾಗೆ ಮೂರ್ಛೆ ಬರೋ ಹುಡುಗ್ನಿಗೆ ಇದೇ ಕೊಡ್ತಾರಲ್ಲ ಸಿಸ್ಟರಮ್ಮ? ಮಗಳ್ಗೆ ಗಂಡು ನೋಡ್ತಾ ಇವ್ನಿ. ಮನೇಲಿ ಫಿಟ್ಸ್ ಐತೆ ಅಂದ್ರೆ ಯಾರ್ ಬತ್ತಾರೆ?”

“ಬೆಲ್ಲ ಪಾಯಸಕ್ಕೂ ಹಾಕ್ತೀವಿ, ಸಾರಿಗೂ ಹಾಕ್ತೀವಿ. ಹಂಗೇ ಕಣಕ್ಕ ಇದು. ಮೊದ್ಲು ತೂಕಡಿಕೆ ಬತ್ತದೆ, ಬಾವಿ ತಾವ ಹೋಗ್ಬ್ಯಾಡ. ನಮ್ಮನ್ನ ಕೇಳ್ದೆ ನಿಲ್ಲಿಸ್ಬ್ಯಾಡ.”

ಮುಂದಿನ ಸಲ ಬಂದವಳು ಮೊದಲು ಹೇಳಿದ್ದೇ, “ಮುದ್ದೆ ಉಂಡೆ” ಎಂದು. ಆ ಖುಷಿಯಲ್ಲೇ ಮಗಳ ವೀಳ್ಯಶಾಸ್ತ್ರಕ್ಕೆ ನನ್ನನ್ನೂ ಕರೆದಳು.

ಅಲ್ಲಿ ಗಂಡಿನ ತಾಯಿ ಪದ್ಧತಿಯಂತೆ ಬೀಗಿತ್ತಿಯ ಕೆನ್ನೆಗೆ ಅರಿಶಿನ ಹಚ್ಚಲು ಕೈ ಚಾಚಿದರು. ಕೆಂಪಕ್ಕ ಥಟ್ಟನೆ ಹಿಂದೆ ಸರಿದಳು. ಅರಿಶಿನ ಬೇಡವೆನ್ನುವುದು ಸಣ್ಣ ಅವಮಾನವೇ? ನೆಂಟರ ಕಣ್ಣಿಗೆ ಬಿದ್ದೀತೆಂದು ಅವಳು ಮಾತ್ರೆ ಬಿಟ್ಟಿದ್ದಾಳೆಂದು ನನಗೆ ಹೊಳೆಯಿತು.

“ಯಾಕಕ್ಕ, ನನ್ ಕೈನ ಅರಿಸ್ನ ಬ್ಯಾಡ್ವಾ?” ಎಂದರು ಗಂಡಿನ ತಾಯಿ.

ನಾನು ಬಾಯಿ ತೆರೆಯುವ ಮೊದಲೇ ಕೆಂಪಕ್ಕ ಹೇಳಿಬಿಟ್ಟಳು. “ಬ್ಯಾಡ ಅಂತಲ್ಲವ್ವ. ಕೆನ್ನೆ ಮುಟ್ಟಿದ್ರೆ ಜೀವ ಹೋಯ್ತದೆ. ಅದ್ಕೆ ಕೊಟ್ಟಿರೋದು ಫಿಟ್ಸ್ ಮಾತ್ರೆ. ನೀವೇನಂತೀರೋ ಅಂತ ಬಿಟ್ಬುಟ್ಟೆ. ಮೂರ್ಛೆ ಇಲ್ಲ, ನನ್ ಮಗಳಾಣೆ.”

ಎಲ್ಲರೂ ನನ್ನತ್ತ ತಿರುಗಿದರು. “ನಿಜ” ಎಂದೆ.

ಆ ತಾಯಿ ನೆಲಕ್ಕೆ ಕೂತು, ಕೈಯಲ್ಲಿದ್ದ ಅರಿಶಿನವನ್ನು ಕೆಂಪಕ್ಕನ ಪಾದಕ್ಕೆ ಹಚ್ಚಿದರು. “ಮಾತ್ರೆ ನುಂಗಕ್ಕ. ಕೆನ್ನೇದು ಮದ್ವೆ ದಿನಕ್ಕಿರ್ಲಿ.”

ಮದುವೆಯ ದಿನ ಎರಡೂ ಕೆನ್ನೆಗೆ ಬಳಿದರು. ಕೆಂಪಕ್ಕ ನಕ್ಕಳು. ಅತ್ತವಳು ನಾನು.

ಮೊನ್ನೆ ಮನೆಗೆ ಬಂದು ಮಾತ್ರೆಯನ್ನು ಕರವಸ್ತ್ರದಿಂದ ಬಿಡಿಸಿ, ನಡುಮನೆಯ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಸಂಜೆ ಬಂದ ಪಕ್ಕದ ಮನೆಯಾಕೆ ಅದರ ಹೆಸರು ಓದಿ ಹುಬ್ಬೇರಿಸಿದಳು.

“ಕೂತ್ಕೊಳ್ಳಮ್ಮ, ಕಾಫಿ ತತ್ತೀನಿ,” ಎಂದೆ. “ನನ್ ಕಾಲುರಿಗೆ ಕೊಟ್ಟವ್ರೆ ಅದ್ನ.”