ಮೈಕ್ ಮಾವ ವಿಶೇಷಣ ನುಂಗಿಕೊಂಡದ್ದು

ಮೈಕ್ ಮಾವನ ಅಂಗಡಿಯಿಂದ ಧ್ವನಿವರ್ಧಕ ಬಾಡಿಗೆಗೆ ತೆಗೆದುಕೊಂಡವರಿಗೆ ಅವನ ನಿರೂಪಣೆ ಪುಕ್ಕಟೆ. ಅವನು ಬಾಯಿ ಬಿಟ್ಟರೆ ಕುರ್ಚಿ ಹಾಕಲು ಬಂದವನೂ ‘ಧೀಮಂತ, ದಕ್ಷ, ಜನಾನುರಾಗಿ’ಯಾಗುತ್ತಿದ್ದ. ಇಂಥವನು ಅಂತರಜಾಲದ ವಿಶ್ವಕೋಶದಲ್ಲಿ ಸ್ವಂತ ಅಕ್ಕನ ಬಗ್ಗೆ ಬರೆದರೆ ಹೇಗಿರಬೇಡ?

ಅಕ್ಕ ಊರಿನ ಈಜುಕೊಳದಲ್ಲಿ ತರಬೇತಿ ಕೊಟ್ಟು ನಿವೃತ್ತಳಾದವಳು. ಲೇಖನದಲ್ಲಿ ಅವಳು ‘ಜಲರಾಣಿ’, ‘ಅಪ್ರತಿಮ ಸಾಧಕಿ’. ಅರ್ಧಕ್ಕರ್ಧ ದಪ್ಪಕ್ಷರ, ಸಾಲಿಗೊಂದು ಆಶ್ಚರ್ಯಸೂಚಕ. ವಿಶ್ವಕೋಶದ ಸಂಪಾದಕರೊಬ್ಬರು ಪುಟದ ನೆತ್ತಿಯ ಮೇಲೆ ಸೂಚನೆ ಅಂಟಿಸಿದರು: ಇದು ಹೊಗಳಿಕೆ, ಮಾಹಿತಿಯಲ್ಲ, ಶೈಲಿ ತಿದ್ದದಿದ್ದರೆ ತಿಂಗಳ ಕೊನೆಗೆ ಅಳಿಸಲಾಗುವುದು. ಮಾವನಿಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅವನಿಗೆ ತಿಳಿದಂತೆ ಅಕ್ಕನ ಹೆಸರು ಬೇರೆಲ್ಲೂ ದಾಖಲಾಗಿರಲಿಲ್ಲ. ಈ ಪುಟವೂ ಹೋದರೆ ಅವಳ ದುಡಿಮೆಯ ಗುರುತೇ ಉಳಿಯುತ್ತಿರಲಿಲ್ಲ.

ಹಲ್ಲು ಕಚ್ಚಿಕೊಂಡು ಅಂಗಡಿಯ ಕಂಪ್ಯೂಟರಿನ ಮುಂದೆ ಕುಳಿತ. ಹೊಗಳಿಕೆಯನ್ನೆಲ್ಲ ಕಿತ್ತುಹಾಕಿದ ಮೇಲೆ ಉಳಿದದ್ದು ಎರಡೇ ಸಾಲು: ಹುಟ್ಟಿದ್ದು, ಕೊಳದಲ್ಲಿ ಕೆಲಸ ಮಾಡಿದ್ದು. ಮಾವ ಬೆಪ್ಪಾದ. ಇಷ್ಟು ವರ್ಷ ಅಕ್ಕನನ್ನು ಹೊಗಳಿದ್ದೇ ಹೊಗಳಿದ್ದು, ಅವಳು ಏನು ಮಾಡಿದಳೆಂದು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು.

ಮರುದಿನ ಅವಳ ಅಡುಗೆಮನೆಗೆ ಹೋಗಿ ಕೇಳಿದ. ಅಕ್ಕ ತರಕಾರಿ ಹೆಚ್ಚುತ್ತಲೇ ಹೇಳಿದಳು. ಹೆಂಗಸರನ್ನು ಕೊಳದೊಳಗೆ ಬಿಡುತ್ತಲೇ ಇರಲಿಲ್ಲವಂತೆ. ಕಚೇರಿಗೆ ಅಲೆದೂ ಅಲೆದೂ ಬೆಳಗಿನ ಹೊತ್ತು ಹೆಂಗಸರಿಗೆಂದೇ ಒಂದು ಗಂಟೆ ಗಿಟ್ಟಿಸಿದಳಂತೆ. ನೀರು ಕಂಡರೆ ನಡುಗುವವರನ್ನು ಮೊದಲು ಮೆಟ್ಟಿಲ ಮೇಲೆ ಕೂರಿಸಿ ಕಾಲಷ್ಟೇ ನೆನೆಸುತ್ತಿದ್ದಳು. ಕಣ್ಣು ಕಾಣದವರಿಗೆ ಕೊಳದುದ್ದಕ್ಕೂ ಹಗ್ಗ ಕಟ್ಟಿ ಕಲಿಸಿದ್ದಳು. ಮಾವ ‘ಅದ್ಭುತ’ ಎನ್ನಲು ಬಾಯಿ ತೆರೆದ.

“ಸುಮ್ನೆ ಬರ್ಕೊಳ್ಳೋ,” ಎಂದಳು ಅಕ್ಕ.

ಗ್ರಂಥಾಲಯದ ಹಳೆಯ ಪತ್ರಿಕೆಗಳಲ್ಲಿ ಆಧಾರ ಹುಡುಕಿ, ಉಪಶೀರ್ಷಿಕೆ ಕೊಟ್ಟು, ಅಡಿಟಿಪ್ಪಣಿ ಹಾಕಿ ಲೇಖನವನ್ನು ಹೊಸದಾಗಿ ಕಟ್ಟಿದ. ಸಂಪಾದಕರು ಸೂಚನೆ ತೆಗೆದು ‘ಚೆನ್ನಾಗಿದೆ’ ಎಂದಷ್ಟೇ ಬರೆದರು. ಆ ಒಂದು ಪದಕ್ಕೆ ಮಾವ ಅಂಗಡಿಯಲ್ಲೇ ಕುಣಿದಾಡಿದ.

ಪುಟ ಓದಿದ ಕೊಳದವರು ವಾರ್ಷಿಕ ಸ್ಪರ್ಧೆಗೆ ಅಕ್ಕನನ್ನೇ ಅತಿಥಿಯಾಗಿ ಕರೆದರು. ಮೈಕು ಎಂದಿನಂತೆ ಮಾವನ ಕೈಯಲ್ಲಿ. ವಿಶೇಷಣಗಳು ಗಂಟಲ ತನಕ ಬಂದು ನಿಂತಿದ್ದವು, ನುಂಗಿಕೊಂಡ.

“ಇವರು ನಮ್ಮಕ್ಕ. ಇವರ ಹತ್ರ ಈಜು ಕಲಿತೋರು ದಯವಿಟ್ಟು ಎದ್ದು ನಿಂತ್ಕೊಳ್ಳಿ.”

ಮುಂದಿನ ಸಾಲಿನ ಅಜ್ಜಿಯರು ಎದ್ದರು. ಅವರ ಹೆಣ್ಣುಮಕ್ಕಳು ಎದ್ದರು. ತೀರ್ಪುಗಾರರೂ ಎದ್ದರು. ನೋಡನೋಡುತ್ತ ಸಭೆಗೆ ಸಭೆಯೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಕುಳಿತಿದ್ದವಳು ಅಕ್ಕ ಒಬ್ಬಳೇ. ಕಣ್ಣೊರೆಸಿಕೊಳ್ಳುತ್ತ ಅವಳು ತಮ್ಮನ ತೋಳು ಹಿಡಿದೆಳೆದಳು.

“ಜಲರಾಣಿ ಅಂತ ಒಂದ್ಸಲ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ?”