ಐದು ದಿನದ ಗೂಡು

ನಮ್ಮ ಮಾವನವರನ್ನು ಬೀದಿಯವರೆಲ್ಲ ಕೋಳಿ ಮೇಸ್ತ್ರಿ ಎಂದು ಕರೆಯುತ್ತಿದ್ದರು. ಮೂವತ್ತು ವರ್ಷ ಮರ ಕೊಯ್ಯುವ ಮಿಲ್ಲಿನಲ್ಲಿ ದುಡಿದಿದ್ದರು, ಅದಕ್ಕೆ ಮೇಸ್ತ್ರಿ. ಕೆಲಸ ಬಿಟ್ಟ ಮೇಲೆ ಹಿತ್ತಲಲ್ಲಿ ಹನ್ನೊಂದು ಹೇಂಟೆ, ಒಂದು ಹುಂಜ ಸಾಕಿದರು, ಅದಕ್ಕೆ ಕೋಳಿ. ಗರಗಸದ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಒಂದು ಲೋಟ ನೀರು ಕೇಳಿದರೂ ಪಕ್ಕದ ಮನೆಯವರು ಬೆಚ್ಚಿಬೀಳಬೇಕು.

ಯಾರ ಮನೆಯ ಕೋಳಿ ಕಾದಾಡಿದರೂ ಜನ ನಮ್ಮ ಬಾಗಿಲಿಗೇ ಬರುತ್ತಿದ್ದರು. ನನ್ನ ಹೊಲಿಗೆ ಮೆಷಿನ್ ಹಿತ್ತಲ ಕಿಟಕಿಯ ಪಕ್ಕದಲ್ಲಿತ್ತು, ಹಾಗಾಗಿ ಅವರ ಉಪದೇಶವೆಲ್ಲ ನನಗೆ ಬಾಯಿಪಾಠ. ಜಾಗ ಸಾಲದಿದ್ದರೆ ಕುಕ್ಕಾಡುತ್ತವೆ, ಗೂಡು ದೊಡ್ಡದು ಮಾಡಿ. ನೀರಿನ ತಟ್ಟೆ ಎರಡಿಡಿ. ಮಾಡಲು ಕೆಲಸವಿಲ್ಲದಿದ್ದರೂ ಒಂದರ ಮೈಮೇಲೆ ಇನ್ನೊಂದು ಬೀಳುತ್ತವೆ, ಒಂದು ಎಲೆಕೋಸು ನೇತುಹಾಕಿ, ಅದರ ಮೇಲೆ ಸಿಟ್ಟು ತೀರಿಸಿಕೊಳ್ಳಲಿ. ಗಾಯವಾದರೆ ಕೂಡಲೇ ನೀಲಿ ಔಷಧಿ ಹಚ್ಚಿ ಮುಚ್ಚಿಬಿಡಿ, ಕೆಂಪು ಕಂಡರೆ ಅದು ಸಾಯುವ ತನಕ ಉಳಿದವು ಕುಕ್ಕುವುದು ಬಿಡುವುದಿಲ್ಲ.

ಒಮ್ಮೆ ಮೂಲೆಮನೆಯ ಟೀಚರ್ ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಬಂದರು. ಅವರ ಹುಂಜ ಕಂಡಕಂಡವರ ಮೇಲೆ ಹಾರಿ ಒದೆಯುತ್ತಿತ್ತು.

"ಕೋಲು ತಗೊಂಡು ನಾಲ್ಕು ಬಿಟ್ಟೆ ಮೇಸ್ತ್ರಿ, ಆದ್ರೂ ಬುದ್ಧಿ ಬರ್ಲಿಲ್ಲ."

"ಹೊಡೀಬಾರ್ದು ಟೀಚರಮ್ಮ. ಹೊಡೆದಷ್ಟೂ ಅದಕ್ಕೆ ಕೊಬ್ಬು ಜಾಸ್ತಿ ಆಗುತ್ತೆ. ಎತ್ತಿ ಕಂಕುಳಲ್ಲಿ ಇಟ್ಕೊಂಡು ಹೇಂಟೆಗಳ ಮುಂದೆ ಹತ್ತು ನಿಮಿಷ ಓಡಾಡಿ. ಮರ್ಯಾದೆ ಹೋಗಿ ತಣ್ಣಗಾಗ್ತಾನೆ."

ಒಳಗೆ ಅತ್ತೆ ಇದನ್ನು ಬಲಗಿವಿಯಲ್ಲಿ ಕೇಳಿಸಿಕೊಳ್ಳುತ್ತಿದ್ದರು. ಎಡಗಿವಿ ಕೇಳಿಸುತ್ತಿರಲಿಲ್ಲ. ಮದುವೆಯಾದ ಎರಡನೇ ವರ್ಷ, ಪಲ್ಯಕ್ಕೆ ಉಪ್ಪು ಹೆಚ್ಚಾಯಿತೆಂದು ಮಾವ ಬಾರಿಸಿದ ಏಟಿಗೆ ಅದು ಹೋಗಿತ್ತು. ಕೋಳಿಗೆ ಇದ್ದ ನ್ಯಾಯ ನಮ್ಮ ಅತ್ತೆಗೆ ಇರಲಿಲ್ಲ. ನಾನು ಸೊಸೆಯಾಗಿ ಬಂದ ಮೇಲಿನ ಒಂಬತ್ತು ವರ್ಷವೂ ಅವರು ಬೆನ್ನಿಗೆ, ತೋಳಿಗೆ ಏಟು ತಿನ್ನುವುದನ್ನು ಕಣ್ಣಾರೆ ಕಂಡಿದ್ದೇನೆ. ನನ್ನ ಮೇಲೆ ಮಾವ ಕೈ ಮಾಡಲಿಲ್ಲ, ತಟ್ಟೆ ಎಸೆದರು. ನಮ್ಮವರು ಅಪ್ಪನ ಮುಂದೆ ಉಸಿರೆತ್ತುವವರಲ್ಲ. ಬಾಗಿಲ ಪಕ್ಕದ ಕುರ್ಚಿ ಮಾವನದು, ಮೊದಲ ಊಟ ಮಾವನದು, ಬಿಸಿನೀರು ಮಾವನದು. ಅವರು ಕೈ ತೊಳೆಯುವವರೆಗೆ ನಾವು ತಟ್ಟೆ ಮುಟ್ಟುವ ಹಾಗಿರಲಿಲ್ಲ.

ಅವರ ಹೆಸರು ನಿಂತದ್ದು ಐದು ದಿನದ ಗೂಡಿನಿಂದ. ಕೋಳಿಗಳಲ್ಲಿ ಒಂದು ಬೂದು ಹೇಂಟೆ ಉಳಿದವಕ್ಕೆ ಕಾಳು ಮುಟ್ಟಲು ಬಿಡುತ್ತಿರಲಿಲ್ಲ. ಮಾವ ಅದನ್ನು ತಂತಿಯ ಪುಟ್ಟ ಗೂಡಿಗೆ ಹಾಕಿ ಬಚ್ಚಲ ಹಿಂದೆ ಇಟ್ಟರು, ಉಳಿದವುಗಳ ಕಣ್ಣಿಗೆ ಬೀಳದಂತೆ. ಐದು ದಿನ ಬಿಟ್ಟು ಹೊರಗೆ ತಂದಾಗ ಉಳಿದ ಹತ್ತೂ ತಮ್ಮೊಳಗೇ ಮೇಲು ಕೆಳಗು ಗೊತ್ತು ಮಾಡಿಕೊಂಡಿದ್ದವು. ಬೂದು ಹೇಂಟೆ ಹಳೆಯ ಠೀವಿಯಲ್ಲೇ ಕಾಳಿಗೆ ಬಂತು, ತಿಂದದ್ದು ಬರೀ ಕುಕ್ಕು. ಅಂದಿನಿಂದ ಅದು ಎಲ್ಲರದೂ ಆದ ಮೇಲೆ ಬಂದು ಮಣ್ಣು ಕೆದರುತ್ತಿತ್ತು.

ಕಳೆದ ವರ್ಷ ಗೂಡಿನ ಮೇಲೆ ಬಲೆ ಕಟ್ಟಲು ಹೋಗಿ ಮಾವ ಸ್ಟೂಲಿನಿಂದ ಬಿದ್ದರು. ಸೊಂಟದ ಮೂಳೆ ಮುರಿಯಿತು. ಮೊದಲೇ ಸಕ್ಕರೆ ಕಾಯಿಲೆಯ ಮೈ, ಗಾಯ ಬೇಗ ಮಾಯಲಿಲ್ಲ. ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಉಳಿದರು.

ಅಷ್ಟು ದಿನ ನಮ್ಮ ಮನೆಯಲ್ಲಿ ಏನಾಯಿತು ಎಂದು ಹೇಳಲು ನಾಚಿಕೆಯಿಲ್ಲ. ನಾವು ನಕ್ಕೆವು. ಹಸಿದಾಗ ಉಂಡೆವು. ನಾಲ್ಕನೆಯ ದಿನ ಅತ್ತೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಳಿತರು, ಮೊದಲು ತುದಿಯಲ್ಲಿ, ಆಮೇಲೆ ಒರಗಿ. ಆರು ವರ್ಷದ ನನ್ನ ಮಗಳು ಅವರ ತೊಡೆಯೇರಿ ಹಾಡು ಹೇಳಿದಳು, ಗಟ್ಟಿಯಾಗಿ. ನನ್ನ ಮೆಷಿನ್ನು ಮಾವನ ಕೋಣೆಗೆ ಬಂತು, ಅವರ ಮಂಚ ಹಿಂದಿನ ವರಾಂಡಕ್ಕೆ ಹೋಯಿತು. ಬಚ್ಚಲು ಹತ್ತಿರವಾಗುತ್ತದೆ ಎಂದು ನಮಗೆ ನಾವೇ ಹೇಳಿಕೊಂಡೆವು. ಕೋಣೆಯಿಂದ ವರಾಂಡಕ್ಕೆ ಒಂದು ಕಿಟಕಿ ಇತ್ತು, ಕೂತಲ್ಲಿಂದಲೇ ಮಂಚ ಕಾಣುತ್ತಿತ್ತು.

ವಾಕರ್ ಹಿಡಿದು ಬಂದ ದಿನವೇ ಮಾವ ನೀರಿಗೆ ಕೂಗಿದರು. ಯಾರೂ ಏಳಲಿಲ್ಲ.

"ಕೂಗ್ಬೇಡಿ. ನನಗೆ ಒಂದು ಕಿವಿ ಇನ್ನೂ ಕೇಳಿಸುತ್ತೆ," ಎಂದರು ಅತ್ತೆ, ಕುರ್ಚಿಯಿಂದಲೇ.

ಮಾವ ವಾಕರ್ ತಳ್ಳಿಕೊಂಡು ಬಂದು ಕೈ ಎತ್ತಿದರು. ಅತ್ತೆ ಎದ್ದು ಒಂದು ಹೆಜ್ಜೆ ಪಕ್ಕಕ್ಕೆ ಸರಿದರು, ಅಷ್ಟೇ. ಎತ್ತಿದ ಕೈಯ ಭಾರಕ್ಕೆ ಮಾವನೇ ವಾಲಿ ಗೋಡೆಗೆ ಒರಗಿಕೊಂಡರು. ಅತ್ತೆ ವಾಕರನ್ನು ಎತ್ತಿ ಎರಡು ಮಾರು ಆಚೆ ಇಟ್ಟು ಮತ್ತೆ ಬಂದು ಕುಳಿತರು. ಮಾವ ಗೋಡೆ ಹಿಡಿದುಕೊಂಡು ನಿಂತೇ ಇದ್ದರು. ನನ್ನ ಹೊಟ್ಟೆ ತಣ್ಣಗಾಯಿತು. ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಶುರುವಾದದ್ದು ನಿಲ್ಲಲಿಲ್ಲ. ಊಟ ಕೊನೆಗೆ, ಟೀ ಆರಿದ ಮೇಲೆ. ವಾಕರ್ ಯಾವಾಗಲೂ ಕೈಗೆಟುಕದ ಕಡೆ. ಅತ್ತೆ ಬಟ್ಟೆ ಬದಲಿಸುವಾಗ ಚಿವುಟುತ್ತಿದ್ದರು, ಅದೂ ಮುಖ ನೋಡದೆ. ನಮ್ಮವರು ಅಪ್ಪನ ಹತ್ತಿರ ಹೋಗುವುದನ್ನೇ ಬಿಟ್ಟರು. ನನ್ನ ಪಾಲು ಬೈಗುಳ. ಒಂದು ದಿನ ಅವರು ಹಾಸಿಗೆ ಒದ್ದೆ ಮಾಡಿಕೊಂಡಾಗ ತೋಳು ಹಿಡಿದು ಜಗ್ಗಿ ಎಬ್ಬಿಸಿದೆ. ನಾಲ್ಕು ಬೆರಳೂ ಮೂಳೆಗೆ ತಾಗುವಷ್ಟು ಜೋರಾಗಿ.

ಒಂದು ಬೆಳಗ್ಗೆ ನಾನು ಕೋಳಿಗಳಿಗೆ ಕಾಳು ಹಾಕುತ್ತಿದ್ದೆ. ಮಾವ ಮಂಚದಿಂದ ನೋಡುತ್ತಿದ್ದರು.

"ಆಸ್ಪತ್ರೇಲಿ ಎಷ್ಟು ದಿನ ಇದ್ದೆನಮ್ಮ?"

"ಇಪ್ಪತ್ತೆರಡು."

"ಕೋಳಿಗೆ ಐದೇ ಸಾಕು," ಎಂದರು.

ನಾನು ಇನ್ನೊಂದು ಹಿಡಿ ಕಾಳು ಎರಚಿದೆ. ಅವರು ಮುಂದುವರಿಸಿದರು, ಮೆಲ್ಲಗೆ. ಅವರಿಗೆ ಮೆಲ್ಲಗೆ ಮಾತಾಡಲು ಬರುತ್ತದೆ ಎಂದು ನನಗೆ ಅಂದೇ ಗೊತ್ತಾದದ್ದು.

"ಐದು ದಿನ ಆದ್ಮೇಲೆ ಹೊರಗೆ ಬಿಟ್ಟು ಹಾಗೇ ಹೋಗ್ಬಾರ್ದು. ನಿಂತ್ಕೊಂಡು ನೋಡ್ಬೇಕು. ಎರಡು ಕುಕ್ಕು ತಿನ್ಲಿ, ಬೇಕು ಅದಕ್ಕೆ. ಮೂರನೇದಕ್ಕೆ ಕೈ ಅಡ್ಡ ಹಾಕ್ಬೇಕು. ಇಲ್ಲಾಂದ್ರೆ ಕೊಂದು ಹಾಕ್ತವೆ. ಎಲ್ರೂ ಐದು ದಿನ ಅನ್ನೋದನ್ನ ಕೇಳ್ಕೊಂಡು ಹೋಗ್ತಾರೆ, ಇದನ್ನ ಕೇಳಲ್ಲ."

ಕೈ ಅಡ್ಡ ಹಾಕೆಂದು ನನ್ನನ್ನೇ ಕೇಳುತ್ತಿದ್ದಾರೆಂದು ತಿಳಿಯದಷ್ಟು ದಡ್ಡಿಯಲ್ಲ ನಾನು. ಅವರಿಗೆ ಬೇರೆ ಯಾರನ್ನು ಕೇಳಲಿಕ್ಕಿತ್ತು? ಆದರೆ ನನಗೆ ರೇಗಿಹೋಯಿತು.

"ಅತ್ತೆ ಮೂವತ್ತೈದು ವರ್ಷ ತಿಂದ್ರಲ್ಲ ಮಾವ, ಆಗ ಯಾರು ನಿಂತು ನೋಡಿದ್ರು?"

ಅವರು ಕಾಳು ತಿನ್ನುವ ಕೋಳಿಗಳ ಕಡೆ ನೋಡಿದರು. ನಾನು ಸೊಪ್ಪು ಹೆಚ್ಚಲು ಒಳಗೆ ಹೋದೆ.

ಆಮೇಲಿನ ವಾರ, ಮಧ್ಯಾಹ್ನ. ನಾಳೆಯೊಳಗೆ ಕೊಡಬೇಕಾದ ಹನ್ನೆರಡು ಶಾಲಾ ಅಂಗಿ ನನ್ನ ಮುಂದಿತ್ತು. ಅತ್ತೆ ನನ್ನ ಮಗಳ ಕೈಯಲ್ಲಿ ಮಾವನಿಗೆ ಊಟ ಕಳಿಸಿದರು. ಅವಳು ಮಂಚದ ತುದಿಯಲ್ಲಿ ಕುಳಿತು, ಅವರ ತಟ್ಟೆಯಿಂದ ಬೇಯಿಸಿದ ಮೊಟ್ಟೆ ಎತ್ತಿಕೊಂಡು ತಿನ್ನತೊಡಗಿದಳು. ಮಾವ ಕೈ ಚಾಚಿದರು. ಅವಳು ಸ್ಟೀಲ್ ಸೌಟಿನಿಂದ ಗೆಣ್ಣಿನ ಮೇಲೆ ಹೊಡೆದಳು.

"ಸುಮ್ನೆ ಬಿದ್ದಿರು," ಎಂದಳು. ಥೇಟ್ ಅತ್ತೆಯ ದನಿ.

ಮತ್ತೆ ಹೊಡೆದಳು. ಮತ್ತೊಂದು. ಮಾವನ ಚರ್ಮ ಹಾಳೆಯಷ್ಟು ತೆಳು, ರಕ್ತ ಬಂತು. ಅವರು ಕೂಗಲಿಲ್ಲ. ಆ ಕೈಯನ್ನು ಹೊದಿಕೆಯೊಳಗೆ ಎಳೆದುಕೊಂಡರು. ಕಿಟಕಿಯಿಂದ ನಾನು ಎಲ್ಲವನ್ನೂ ನೋಡಿದೆ. ಎದ್ದು ಹೋಗಬೇಕಿತ್ತು. ಸೂಜಿಯ ಕೆಳಗೆ ಕಾಲರ್ ಅರ್ಧ ಹೊಲಿದಿತ್ತು. ನಾನು ಅದನ್ನು ಮುಗಿಸಿದೆ.

ಸಂಜೆ ಮಗಳನ್ನು ಕೇಳಿದೆ, "ಅಜ್ಜನಿಗೆ ಯಾಕೆ ಹೊಡೆದೆ?"

"ಎಲ್ರೂ ಬೈತೀರಲ್ಲ ಅವರನ್ನ. ನಾನು ಮಾತ್ರ ಯಾಕೆ ಹೊಡೀಬಾರ್ದು?"

ನಾಳೆಯಿಂದ ಇದನ್ನೆಲ್ಲ ನಿಲ್ಲಿಸಬೇಕು ಎಂದುಕೊಂಡೆ. ಅಂಗಿಗಳು ಮುಗಿದ ಮೇಲೆ.

ಕತ್ತಲಾಗುವ ಮುಂಚೆ ಮಾವ ಕರೆದರು. "ನೀಲಿ ಔಷಧಿ ಸೀಸೆ ಕೊಡಮ್ಮ."

"ಯಾವ ಕೋಳಿಗೆ?"

"ಬೂದು ಹೇಂಟೆಗೆ. ಗಾಯ ಆಗಿದೆ."

ಬೂದು ಹೇಂಟೆಗೆ ಏನೂ ಆಗಿರಲಿಲ್ಲ. ನನಗೆ ಅದು ಗೊತ್ತಿತ್ತು, ಬೆಳಗ್ಗೆ ತಾನೇ ಅದಕ್ಕೆ ಕಾಳು ಹಾಕಿದ್ದೆ. ಆದರೂ ಸೀಸೆ ಕೊಟ್ಟೆ, ಜೊತೆಗೆ ಸ್ವಲ್ಪ ಹತ್ತಿ. ಗಾಯ ತೋರಿಸಿ ಎಂದು ಕೇಳಲಿಲ್ಲ. ಹೊದಿಕೆ ಅವರ ಗಲ್ಲದವರೆಗೆ ಇತ್ತು. ಅದಾದ ಮೇಲೆ ಅವರು ಬಟ್ಟೆ ಬದಲಿಸಲು ಯಾರನ್ನೂ ಹತ್ತಿರ ಬಿಡಲಿಲ್ಲ. ಬೇಡ ಎಂದರಲ್ಲ, ಅಷ್ಟು ಕೆಲಸ ಉಳಿಯಿತು ಎಂದು ಅತ್ತೆಯೂ ನಾನೂ ಸುಮ್ಮನಾದೆವು.

ಒಂಬತ್ತನೆಯ ದಿನ ಮೈ ಕೆಂಡವಾಗಿತ್ತು, ಮಾತು ತೊದಲುತ್ತಿತ್ತು. ನಮ್ಮವರು ಆಟೋ ತಂದರು. ಆಸ್ಪತ್ರೆಯಲ್ಲಿ ಮಾವ ಎರಡು ದಿನವಷ್ಟೇ ಬದುಕಿದ್ದರು, ಕೈಯ ಕೀವು ರಕ್ತಕ್ಕೆ ಸೇರಿಹೋಗಿತ್ತು. ಆ ಎರಡು ದಿನದಲ್ಲಿ ನನಗೆ ನೆನಪಿರುವುದು ಮೊದಲ ಹತ್ತು ನಿಮಿಷ ಮಾತ್ರ.

ನರ್ಸ್ ಕತ್ತರಿಯಿಂದ ಅಂಗಿ ಸೀಳಿ, ಪಂಚೆ ಸರಿಸಿದರು. ಊದಿದ ಗೆಣ್ಣು ಪೂರ್ತಿ ನೀಲಿ. ಅದೊಂದೇ ಅಲ್ಲ. ತೊಡೆಯ ಒಳಬದಿಯಲ್ಲಿ ಅತ್ತೆ ಚಿವುಟಿದ ಕಡೆಯೆಲ್ಲ ನೀಲಿ ಬೊಟ್ಟು. ಗೋಡೆಗೆ ತಾಗಿದ ಭುಜ ನೀಲಿ. ವಾಕರ್ ಸಿಗದೆ ಬಿದ್ದ ಮೊಣಕಾಲು ನೀಲಿ. ಬಲತೋಳಿನಲ್ಲಿ ನಾಲ್ಕು ಉದ್ದನೆಯ ಗುರುತು, ಒಂದೊಂದಕ್ಕೂ ಬೇರೆ ಬೇರೆಯಾಗಿ, ಮಾವ ನೀಟಾಗಿ ಹಚ್ಚಿದ್ದರು. ಅಷ್ಟು ಹೊತ್ತಿಗೆ ಅವು ಮಾಯುತ್ತಾ ಬಂದಿದ್ದವು. ಆದರೂ ಹಚ್ಚಿದ್ದರು.

"ಏನಿದು ನೀಲಿ?" ಎಂದರು ನರ್ಸ್.

"ಕೋಳಿಗೆ ಹಚ್ಚೋ ಔಷಧಿ," ಎಂದರು ನಮ್ಮವರು, ನೆಲ ನೋಡುತ್ತಾ.

ನರ್ಸ್ ನಮ್ಮಿಬ್ಬರನ್ನೂ ನೋಡಿದರು. ಆಮೇಲೆ ಚೀಟಿ ಎಳೆದುಕೊಂಡು ಪೆನ್ನು ತೆರೆದರು.

"ಮನೇಲಿ ಇವರನ್ನ ನೋಡ್ಕೊಳ್ತಾ ಇದ್ದಿದ್ದು ಯಾರು?"

"ನೋಡ್ತಾ ಇದ್ದಿದ್ದು ನಾನೇ," ಎಂದೆ.